ದೂರಶಿಕ್ಷಣದ ನರ್ಸಿಂಗ್ ಪದವಿ ಮತ್ತು ರಾಜ್ಯ ನೋಂದಣಿ: ಚಾಮರಾಜನಗರ, ಗುಂಡ್ಲುಪೇಟೆಯ ನೆಲೆಯಿಂದ

ಭಾರತದಲ್ಲಿ ನರ್ಸ್ ಆಗಿ ಕೆಲಸ ಮಾಡಲು ಪ್ರಮಾಣಪತ್ರ ಕೈಯಲ್ಲಿದ್ದರೆ ಸಾಲದು, ರಾಜ್ಯದ ನರ್ಸಿಂಗ್ ಕೌನ್ಸಿಲ್‌ನ ವಹಿಯಲ್ಲಿ ಹೆಸರು ದಾಖಲಾಗಿರಬೇಕು. ಕರ್ನಾಟಕದಲ್ಲಿ ಆ ವಹಿಯನ್ನು ಇಡುವುದು ಬೆಂಗಳೂರಿನಲ್ಲಿರುವ ಕರ್ನಾಟಕ ರಾಜ್ಯ ನರ್ಸಿಂಗ್ ಕೌನ್ಸಿಲ್. ನರ್ಸ್, ಸೂಲಗಿತ್ತಿ ಮತ್ತು ಆರೋಗ್ಯ ಸಂದರ್ಶಕಿಯರ ಕುರಿತ 1961ರ ರಾಜ್ಯ ಕಾಯ್ದೆ ಅದಕ್ಕೆ ಆಧಾರ. ಯಾವ ವಿದ್ಯಾರ್ಹತೆಯನ್ನು ಒಪ್ಪಬೇಕು ಎಂಬುದಕ್ಕೆ ದಶಕಗಳಿಂದ ಅಳತೆಗೋಲಾಗಿದ್ದದ್ದು ಭಾರತೀಯ ನರ್ಸಿಂಗ್ ಕೌನ್ಸಿಲ್ ಕಾಯ್ದೆ, 1947. ಅದರ 10ನೇ ಕಲಮಿನಂತೆ ಮಾನ್ಯತೆ ಪಡೆದು ಅನುಸೂಚಿಗೆ ಸೇರಿದ ವಿದ್ಯಾರ್ಹತೆ ಯಾವ ರಾಜ್ಯದ ವಹಿಯಲ್ಲಾದರೂ ಹೆಸರು ಬರೆಸಲು ಸಾಕು ಎಂದು 11ನೇ ಕಲಮು ಹೇಳುತ್ತದೆ. ಓದಿನ ಒಂದು ಭಾಗ ಅಂಚೆಯಲ್ಲಿ ಬಂದ ಪುಸ್ತಕದಿಂದ, ಇನ್ನೊಂದು ಭಾಗ ರಜೆಯ ದಿನಗಳ ಸಂಪರ್ಕ ತರಗತಿಯಿಂದ ನಡೆದಿದ್ದರೆ ಆ ಪದವಿಗೂ ಇದೇ ಬೆಲೆ ಸಲ್ಲಬೇಕೆ ಎಂಬುದು ಈ ಲೇಖನದ ವಿಷಯ. ಇಲ್ಲಿ ಎರಡು ಬೇರೆ ಬೇರೆ ಪ್ರಶ್ನೆಗಳು ಒಂದರೊಳಗೊಂದು ಸೇರಿಹೋಗಿವೆ. ರೋಗಿಯ ಮೈ ಮುಟ್ಟುವ ಹಕ್ಕನ್ನು ಮೊದಲ ಬಾರಿಗೆ ಕೊಡುವುದು ಒಂದು. ಆ ಹಕ್ಕನ್ನು ಆಗಲೇ ಪಡೆದು ವಾರ್ಡಿನಲ್ಲಿ ದುಡಿಯುತ್ತಿರುವ ನರ್ಸಿನ ಮುಂದಿನ ಓದನ್ನು ಗೌರವಿಸುವುದು ಇನ್ನೊಂದು. ಮೊದಲನೆಯದಕ್ಕೆ ದೂರಶಿಕ್ಷಣ ಒಗ್ಗುವುದಿಲ್ಲ. ಎರಡನೆಯದಕ್ಕೆ ಒಗ್ಗುತ್ತದೆ, ಒಗ್ಗಲೇಬೇಕು. ಇವೆರಡನ್ನೂ ಒಂದೇ ಕಣ್ಣಿನಿಂದ ನೋಡಿದ್ದರಿಂದ ಹುಟ್ಟಿದ ಗೊಂದಲದ ಬೆಲೆಯನ್ನು ತೆರುತ್ತಿರುವವರು ದೊಡ್ಡ ಊರುಗಳಿಂದ ದೂರವಿರುವ ಜಿಲ್ಲೆಗಳ ನರ್ಸುಗಳು.

ಚಾಮರಾಜನಗರ ಅಂಥ ಒಂದು ಜಿಲ್ಲೆ. 1997ರಲ್ಲಿ ಮೈಸೂರಿನಿಂದ ಬೇರ್ಪಟ್ಟು ಜಿಲ್ಲೆಯಾಯಿತು. 2011ರ ಜನಗಣತಿಯಲ್ಲಿ ಇದರ ಜನಸಂಖ್ಯೆ 10,20,791. ನೂರಕ್ಕೆ ಸುಮಾರು 12 ಮಂದಿ ಪರಿಶಿಷ್ಟ ಪಂಗಡದವರು. ಸೋಲಿಗರ ಪೋಡುಗಳು, ಜೇನುಕುರುಬರ ಹಾಡಿಗಳು ಕಾಡಿನಂಚಿನಲ್ಲಿವೆ. ಜಿಲ್ಲೆಗೆ ವೈದ್ಯಕೀಯ ಕಾಲೇಜು ಬಂದದ್ದು 2016ರಲ್ಲಿ. ಜನ ಸಿಮ್ಸ್ ಎಂದು ಕರೆಯುವ ಅದರ 450 ಹಾಸಿಗೆಗಳ ಬೋಧನಾ ಆಸ್ಪತ್ರೆಯನ್ನು 2021ರ ಅಕ್ಟೋಬರ್ 7ರಂದು ರಾಷ್ಟ್ರಪತಿ ರಾಮನಾಥ ಕೋವಿಂದ್ ಉದ್ಘಾಟಿಸಿದರು. ಅಲ್ಲಿಯವರೆಗೆ ದೊಡ್ಡ ಚಿಕಿತ್ಸೆ ಎಂದರೆ ಮೈಸೂರಿನ ಕೆ.ಆರ್. ಆಸ್ಪತ್ರೆ, ಹೆರಿಗೆಯ ತೊಡಕು ಎಂದರೆ ಅಲ್ಲಿಯ ಚೆಲುವಾಂಬ ಆಸ್ಪತ್ರೆ. ಗುಂಡ್ಲುಪೇಟೆಯ ಸ್ಥಿತಿ ಇನ್ನೂ ವಿಶಿಷ್ಟ. ರೈಲು ಇಲ್ಲದ ಈ ತಾಲ್ಲೂಕು ಕೇಂದ್ರದಲ್ಲಿ ಎರಡು ರಾಷ್ಟ್ರೀಯ ಹೆದ್ದಾರಿಗಳು ಕವಲೊಡೆಯುತ್ತವೆ: 766 ಬಂಡೀಪುರದ ಅಂಚಿನಿಂದ ಕೇರಳದ ಸುಲ್ತಾನ್ ಬತ್ತೇರಿಗೆ, 181 ತಮಿಳುನಾಡಿನ ಗೂಡಲೂರು ದಾಟಿ ಊಟಿಗೆ. ಕಾಡಿನ ರಸ್ತೆಯಲ್ಲಿ ರಾತ್ರಿ 9ರಿಂದ ಬೆಳಗಿನ 6ರವರೆಗೆ ವಾಹನ ಸಂಚಾರಕ್ಕೆ 2009ರಿಂದ ನಿರ್ಬಂಧವಿದೆ. ಒಂದೇ ಊರಿನಿಂದ ಮೂರು ರಾಜ್ಯಗಳ ಆಸ್ಪತ್ರೆಗಳು ಕೈಗೆಟುಕುವಂತಿವೆ; ಮೂರಕ್ಕೂ ಬೇರೆ ಬೇರೆ ಕೌನ್ಸಿಲ್, ಬೇರೆ ಬೇರೆ ಕಾಯ್ದೆ. ತಮಿಳುನಾಡಿನದು 1926ರ ಮದ್ರಾಸ್ ಕಾಯ್ದೆ, ಕೇರಳದ್ದು 1953ರ ತಿರುವಾಂಕೂರು-ಕೊಚ್ಚಿ ಕಾಯ್ದೆ, ನಮ್ಮದು 1961ರದು. ಇದೇ ಜಿಲ್ಲೆಯ ಕೊಳ್ಳೇಗಾಲ 1956ರವರೆಗೆ ಮದ್ರಾಸ್ ರಾಜ್ಯದ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು ಎಂಬುದನ್ನು ನೆನೆದರೆ, ನೋಂದಣಿಯ ಗಡಿಗಳು ಎಷ್ಟು ಮಟ್ಟಿಗೆ ಚರಿತ್ರೆಯ ಆಕಸ್ಮಿಕ ಎಂಬುದು ಕಾಣುತ್ತದೆ.

ದೂರಶಿಕ್ಷಣದ ನರ್ಸಿಂಗ್ ಎಂದೊಡನೆ ಮನೆಯಲ್ಲಿ ಕೂತು ನರ್ಸ್ ಆದವರ ಚಿತ್ರ ಕಣ್ಣಮುಂದೆ ಬರುತ್ತದೆ. ಭಾರತದಲ್ಲಿ ಮಾನ್ಯತೆ ಪಡೆದ ಕ್ರಮ ಹಾಗಿಲ್ಲ. 1985ರಲ್ಲಿ ಸ್ಥಾಪನೆಯಾದ ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾಲಯ, ಅಂದರೆ ಇಗ್ನೋ, ಭಾರತೀಯ ನರ್ಸಿಂಗ್ ಕೌನ್ಸಿಲ್‌ನೊಡನೆ ಸೇರಿ 1994ರಲ್ಲಿ ಪೋಸ್ಟ್ ಬೇಸಿಕ್ ಬಿಎಸ್ಸಿ ನರ್ಸಿಂಗ್ ಆರಂಭಿಸಿತು. ಇದಕ್ಕೆ ಅರ್ಜಿ ಹಾಕುವವರು ಆಗಲೇ ಜಿಎನ್‌ಎಂ, ಅಂದರೆ ಸಾಮಾನ್ಯ ನರ್ಸಿಂಗ್ ಮತ್ತು ಸೂಲಗಿತ್ತಿ ಡಿಪ್ಲೊಮಾ, ಮುಗಿಸಿ ನೋಂದಣಿ ಮಾಡಿಸಿ ಕೆಲಸದಲ್ಲಿರಬೇಕು. ಪಿಯುಸಿಯ ನಂತರ ಜಿಎನ್‌ಎಂ ಮಾಡಿದವರಿಗೆ ಕನಿಷ್ಠ 2 ವರ್ಷ, ಎಸ್ಸೆಸ್ಸೆಲ್ಸಿಯ ನಂತರ ಮಾಡಿದವರಿಗೆ 5 ವರ್ಷ ಸೇವಾನುಭವ ಬೇಕು. ಪ್ರವೇಶ ಪರೀಕ್ಷೆಯಿದೆ, ಕನಿಷ್ಠ ಅವಧಿ 3 ವರ್ಷ. ಪಾಠ ಪುಸ್ತಕಗಳು ಇಂಗ್ಲಿಷಿನಲ್ಲಿ ಬರುತ್ತವೆ, ಅಸೈನ್‌ಮೆಂಟ್ ಬರೆದು ಕಳಿಸಬೇಕು. ಪ್ರಾಯೋಗಿಕ ಭಾಗ ಅಧ್ಯಯನ ಕೇಂದ್ರವಾದ ನರ್ಸಿಂಗ್ ಕಾಲೇಜಿನಲ್ಲಿ ಮೇಲ್ವಿಚಾರಕರ ಎದುರಿಗೂ, ಒಂದಷ್ಟು ತಾನು ದುಡಿಯುವ ಆಸ್ಪತ್ರೆಯಲ್ಲೂ ನಡೆದು ಲಾಗ್ ಬುಕ್ಕಿನಲ್ಲಿ ಸಹಿಯಾಗಬೇಕು. ಹೀಗಾಗಿ ಈ ಪದವಿ ಮುಗಿಸಿದವರು ಕೌನ್ಸಿಲ್ಲಿಗೆ ಹೋಗುವುದು ಮೊದಲ ನೋಂದಣಿಗಲ್ಲ; ವಹಿಯಲ್ಲಿ ಈಗಾಗಲೇ ಇರುವ ತಮ್ಮ ಹೆಸರಿನ ಮುಂದೆ ಹೆಚ್ಚುವರಿ ವಿದ್ಯಾರ್ಹತೆಯನ್ನು ಸೇರಿಸಿಕೊಳ್ಳಲು. ಆ ಒಂದು ಸಾಲಿನ ಮೇಲೆ ಮುಂದಿನದೆಲ್ಲ ನಿಂತಿದೆ: ಎಂಎಸ್ಸಿ ನರ್ಸಿಂಗ್ ಪ್ರವೇಶ, ನರ್ಸಿಂಗ್ ಶಾಲೆಯಲ್ಲಿ ಬೋಧಕ ಹುದ್ದೆ, ಬಡ್ತಿಯ ಪಟ್ಟಿಯಲ್ಲಿ ಜಾಗ, ಹೊರದೇಶದ ಅರ್ಜಿ. ಇದೇ ಪದವಿಯನ್ನು ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದ ಕಾಲೇಜುಗಳಲ್ಲಿ 2 ವರ್ಷ ದಿನವೂ ತರಗತಿಗೆ ಹಾಜರಾಗಿ ಪಡೆಯಬಹುದು. ಅದಕ್ಕೆ ಸಂಬಳ ಬಿಡಬೇಕು, ಇಲ್ಲವೇ ಸರ್ಕಾರದಿಂದ ನಿಯೋಜನೆ ಸಿಗಬೇಕು. ಗುತ್ತಿಗೆಯ ಮೇಲೆ ದುಡಿಯುವ ನರ್ಸಿಗೆ ಎರಡೂ ಕೈಗೆಟುಕುವ ಮಾತಲ್ಲ.

ಮೊದಲ ನೋಂದಣಿಗೆ ದೂರಶಿಕ್ಷಣ ಯಾಕೆ ಒಗ್ಗುವುದಿಲ್ಲ ಎಂಬುದನ್ನು ಒಂದು ಉದಾಹರಣೆಯಿಂದ ಹೇಳಬಹುದು. ತುಂಬು ಗರ್ಭಿಣಿಗೆ ರಕ್ತದೊತ್ತಡ ಏರಿ ಫಿಟ್ಸ್ ಬಂದಾಗ ಮೆಗ್ನೀಸಿಯಂ ಸಲ್ಫೇಟ್ ಕೊಡುತ್ತಾರೆ. ಜೀವ ಉಳಿಸುವ ಔಷಧಿ ಅದು. ಮಿತಿ ಮೀರಿದರೆ ಉಸಿರನ್ನೇ ನಿಲ್ಲಿಸುತ್ತದೆ. ಆದ್ದರಿಂದ ಪ್ರತಿ ಡೋಸಿಗೂ ಮೊದಲು ನರ್ಸ್ ಮೂರು ಸಂಗತಿ ನೋಡಬೇಕು. ಮಂಡಿಯ ಕೆಳಗೆ ತಟ್ಟಿದಾಗ ಕಾಲು ಚಿಮ್ಮುತ್ತದೆಯೇ, ಉಸಿರು ನಿಮಿಷಕ್ಕೆ 16ಕ್ಕಿಂತ ಕೆಳಗಿಳಿದಿದೆಯೇ, ಮೂತ್ರ ಗಂಟೆಗೆ 30 ಮಿಲಿಲೀಟರಿಗೆ ಕಡಿಮೆಯಾಗಿದೆಯೇ. ಪಕ್ಕದ ಟ್ರೇಯಲ್ಲಿ ಪ್ರತಿವಿಷವಾದ ಕ್ಯಾಲ್ಸಿಯಂ ಗ್ಲುಕೊನೇಟ್ ತುಂಬಿಟ್ಟಿರಬೇಕು. ಇಷ್ಟನ್ನು ಪುಸ್ತಕದ ಒಂದು ಪುಟದಲ್ಲಿ ಬರೆಯಬಹುದು, ಓದಿದವರು ಪರೀಕ್ಷೆಯಲ್ಲಿ ತಪ್ಪಿಲ್ಲದೆ ಒಪ್ಪಿಸಲೂಬಹುದು. ಆದರೆ ಮಂಡಿಯ ಚಿಮ್ಮು ಮಂಕಾಗಿದೆಯೋ ತಟ್ಟಿದ್ದೇ ಸರಿಯಾಗಲಿಲ್ಲವೋ ಎಂದು ತಿಳಿಯಬೇಕಾದರೆ ಹತ್ತಾರು ಮಂಡಿಗಳನ್ನು ತಟ್ಟಿರಬೇಕು, ಪಕ್ಕದಲ್ಲಿ ಹಿರಿಯ ಸಿಸ್ಟರ್ ನಿಂತು ಇನ್ನೊಮ್ಮೆ ತಟ್ಟಿ ನೋಡಮ್ಮ ಎಂದಿರಬೇಕು. ಮೂರು ನಾಲ್ಕು ವರ್ಷದ ಮೂಲ ಶಿಕ್ಷಣ ಕಟ್ಟುವುದು ಈ ಪಳಗಿದ ಕೈಯನ್ನು. ಹಾಗೆ ಕೈ ಪಳಗಿದ ನರ್ಸಿಗೆ ಮುಂದೆ ಬೇಕಾದದ್ದು ಬೇರೆ. ಈ ಔಷಧಿ ನರ ಮತ್ತು ಸ್ನಾಯುವಿನ ನಡುವೆ ಏನು ಮಾಡುತ್ತದೆ, ಮೂತ್ರಪಿಂಡ ಸೋತವರಲ್ಲಿ ಡೋಸ್ ಏಕೆ ಬದಲಾಗಬೇಕು, ವಾರ್ಡಿನ ದಾಖಲೆಗಳಿಂದ ತಪ್ಪುಗಳ ಜಾಡು ಹಿಡಿಯುವುದು ಹೇಗೆ, ಕಿರಿಯರಿಗೆ ಇದನ್ನು ಕಲಿಸುವುದು ಹೇಗೆ ಎಂಬಂಥ ವಿಚಾರಗಳು. ಇವುಗಳ ಬಹುಪಾಲನ್ನು ಓದಿ, ಬರೆದು, ಚರ್ಚಿಸಿ ಕಲಿಯಬಹುದು. ಮರುದಿನ ಅದೇ ವಾರ್ಡಿನಲ್ಲಿ ಪರೀಕ್ಷಿಸಿಯೂ ನೋಡಬಹುದು.

ಹೊರದೇಶಗಳ ಅನುಭವವನ್ನು ಈ ದೃಷ್ಟಿಯಿಂದ ಓದಿದರೆ ಅಲ್ಲಿನ ವಿರೋಧ ಎಲ್ಲಿ ಬಂತು, ಒಪ್ಪಿಗೆ ಎಲ್ಲಿ ಸಿಕ್ಕಿತು ಎಂಬುದು ಸ್ಪಷ್ಟವಾಗುತ್ತದೆ. ಅಮೆರಿಕದಲ್ಲಿ ನರ್ಸಿಂಗ್ ಪರವಾನಗಿ ಆಯಾ ರಾಜ್ಯದ ಮಂಡಳಿಯ ಕೈಯಲ್ಲಿದೆ. ನ್ಯೂಯಾರ್ಕ್ ರಾಜ್ಯದ ಬಾಹ್ಯ ಪದವಿ ಯೋಜನೆಯಾಗಿ 1970ರ ದಶಕದಲ್ಲಿ ಆರಂಭವಾಗಿ ಮುಂದೆ ಎಕ್ಸೆಲ್ಸಿಯರ್ ಕಾಲೇಜ್ ಎಂದು ಹೆಸರಾದ ಸಂಸ್ಥೆ, ಆಸ್ಪತ್ರೆಗಳಲ್ಲಿ ಕೆಳಹಂತದ ಕೆಲಸ ಮಾಡುತ್ತಿದ್ದವರಿಗೆ ಮನೆಯಲ್ಲೇ ಓದಿ, ಕೊನೆಗೆ ಆಸ್ಪತ್ರೆಯಲ್ಲಿ ಕೆಲವು ದಿನಗಳ ಬಿಗಿಯಾದ ಪ್ರಾಯೋಗಿಕ ಪರೀಕ್ಷೆ ಗೆದ್ದು ನೋಂದಾಯಿತ ನರ್ಸ್ ಆಗುವ ದಾರಿ ಮಾಡಿಕೊಟ್ಟಿತು. ಹಲವು ರಾಜ್ಯಗಳು ಒಪ್ಪಿದವು, ಕೆಲವು ಹೆಚ್ಚುವರಿ ತರಬೇತಿಯ ಗಂಟೆಗಳನ್ನು ಕೇಳಿದವು. ಕ್ಯಾಲಿಫೋರ್ನಿಯಾ ಮಾತ್ರ 2003ರ ಡಿಸೆಂಬರ್ 6ರಂದು ಮತ್ತು ಅದರ ನಂತರ ಅಲ್ಲಿಗೆ ಸೇರಿದವರಿಗೆ ಬಾಗಿಲು ಹಾಕಿತು. ಅದರ ಕಾರಣ ಗಮನಿಸತಕ್ಕದ್ದು: ಪಾಠ ಮತ್ತು ರೋಗಿಯ ಬಳಿಯ ಅಭ್ಯಾಸ ಎರಡೂ ಒಟ್ಟೊಟ್ಟಿಗೆ, ಮೇಲ್ವಿಚಾರಣೆಯಲ್ಲಿ ನಡೆಯಬೇಕು, ಕೊನೆಯ ಪರೀಕ್ಷೆ ಎಷ್ಟೇ ಕಠಿಣವಾಗಿರಲಿ, ಅದು ನಡುವಿನ ಅಭ್ಯಾಸಕ್ಕೆ ಬದಲಿಯಾಗದು. ಇತ್ತ ಬ್ರಿಟನ್ನಿನ ಮುಕ್ತ ವಿಶ್ವವಿದ್ಯಾಲಯ 2002ರಿಂದ ಮೂಲ ನರ್ಸಿಂಗ್ ಶಿಕ್ಷಣವನ್ನೇ ಕೊಡುತ್ತಿದೆ, ಅಲ್ಲಿನ ನರ್ಸಿಂಗ್ ಪರಿಷತ್ತು ಒಪ್ಪಿದೆ. ಅಲ್ಲಿ ಸೇರುವವರಲ್ಲಿ ಹಲವರು ಆಸ್ಪತ್ರೆಯಲ್ಲಿ ಸಹಾಯಕರಾಗಿ ನೌಕರಿಯಲ್ಲಿರುತ್ತಾರೆ. ಪಾಠ 2,300 ಗಂಟೆ, ಅಭ್ಯಾಸ 2,300 ಗಂಟೆ ಎಂಬ ಲೆಕ್ಕ ಇತರ ಕಾಲೇಜುಗಳಿಗಿರುವಂತೆ ಅವರಿಗೂ ಇದೆ. ಎರಡು ದೇಶಗಳೂ ಬೇರೆ ದಾರಿ ಹಿಡಿದು ಒಂದೇ ಕಡೆ ಬಂದು ನಿಂತಿವೆ. ಪಾಠ ಎಲ್ಲಿಂದ ಬಂತೆಂಬುದನ್ನು ಯಾರೂ ದೊಡ್ಡದು ಮಾಡಲಿಲ್ಲ. ಅಭ್ಯಾಸ ಯಾರ ಕಣ್ಣೆದುರು ನಡೆಯಿತು, ಎಷ್ಟು ಗಂಟೆ ನಡೆಯಿತು ಎಂದು ಕೇಳಿದರು. ಇಗ್ನೋದ ಕ್ರಮ ಈ ಪರೀಕ್ಷೆಯಲ್ಲಿ ಎಕ್ಸೆಲ್ಸಿಯರ್‌ಗಿಂತ ಗಟ್ಟಿ ನೆಲದ ಮೇಲಿದೆ. ಯಾಕೆಂದರೆ ಅದಕ್ಕೆ ಸೇರುವವರು ಮೂಲ ಅಭ್ಯಾಸವನ್ನು ಆಸ್ಪತ್ರೆಯಲ್ಲೇ ಮುಗಿಸಿ ಪರವಾನಗಿ ಪಡೆದಿರುತ್ತಾರೆ.

ಇದಕ್ಕೆ ಎದುರಾಗುವ ಮೊದಲ ಆಕ್ಷೇಪ ಕಾನೂನಿನದು, ತೂಕದ್ದು. ದೂರಶಿಕ್ಷಣದಲ್ಲಿ ನರ್ಸಿಂಗ್ ಕೂಡದು ಎಂದು ವಿಶ್ವವಿದ್ಯಾಲಯ ಅನುದಾನ ಆಯೋಗವೇ (ಯುಜಿಸಿ) ಹೇಳಿರುವಾಗ ಚರ್ಚೆಗೆ ಎಡೆ ಎಲ್ಲಿದೆ? ಯುಜಿಸಿಯ 2017ರ ದೂರಶಿಕ್ಷಣ ನಿಯಮಗಳೂ ಅವುಗಳ ಜಾಗಕ್ಕೆ ಬಂದ 2020ರ ನಿಯಮಗಳೂ ಎಂಜಿನಿಯರಿಂಗ್, ವೈದ್ಯಕೀಯ, ದಂತವೈದ್ಯ, ಫಾರ್ಮಸಿಗಳ ಸಾಲಿನಲ್ಲಿ ನರ್ಸಿಂಗನ್ನೂ ನಿಷೇಧಿಸಿವೆ ನಿಜ. 2025ರಲ್ಲಿ ಈ ಬೇಲಿ ಮನಶ್ಶಾಸ್ತ್ರ, ಆಹಾರ ಮತ್ತು ಪೋಷಣೆಯಂಥ ಆರೋಗ್ಯ ಸಂಬಂಧಿ ವಿಷಯಗಳಿಗೂ ಹಬ್ಬಿತು. ಸುಪ್ರೀಂ ಕೋರ್ಟ್ 2017ರ ನವೆಂಬರ್ 3ರಂದು ಒಡಿಶಾ ಏತ ನೀರಾವರಿ ನಿಗಮದ ಪ್ರಕರಣದಲ್ಲಿ, ಕೆಲವು ಡೀಮ್ಡ್ ವಿಶ್ವವಿದ್ಯಾಲಯಗಳು ಅನುಮತಿಯಿಲ್ಲದೆ ಅಂಚೆ ಮೂಲಕ ಕೊಟ್ಟ ಎಂಜಿನಿಯರಿಂಗ್ ಪದವಿಗಳನ್ನು ಅಮಾನತಿನಲ್ಲಿಟ್ಟು, ಕೆಲವನ್ನು ರದ್ದುಗೊಳಿಸಿತು. ಪ್ರಾಯೋಗಿಕ ತರಬೇತಿಯಿಲ್ಲದ ತಾಂತ್ರಿಕ ಪದವಿ ಸಲ್ಲದು ಎಂಬ ಆ ನಿಲುವನ್ನು ಯಾರೂ ಅಲ್ಲಗಳೆಯಲಾರರು. ಮೊದಲ ಪರವಾನಗಿಯ ಮಟ್ಟಿಗೆ ಈ ಲೇಖನದ ನಿಲುವೂ ಅದೇ. ಆದರೆ ಈ ನಿಷೇಧ ಜಾರಿಯಲ್ಲಿರುವಾಗಲೇ ಇಗ್ನೋ ನೌಕರಿಯಲ್ಲಿರುವ ನರ್ಸುಗಳಿಗಾಗಿ ಪ್ರವೇಶ ಪರೀಕ್ಷೆ ನಡೆಸುತ್ತ ಬಂದಿದೆ. ವೃತ್ತಿಯನ್ನು ನಿಯಂತ್ರಿಸುವ ಕೌನ್ಸಿಲ್ಲೇ ಕೈಜೋಡಿಸಿ ರೂಪಿಸಿದ ಕ್ರಮವೊಂದನ್ನು ಹೊರಗಿನ ಪಟ್ಟಿಯ ಒಂದು ಪದ ಅಳಿಸಿಹಾಕುವುದಿಲ್ಲ ಎಂಬುದಕ್ಕೆ ಅದೇ ಸಾಕ್ಷಿ. ಇಲ್ಲಿ ಇನ್ನೊಂದು ಎಚ್ಚರ ಬೇಕು. ಮಾನ್ಯತೆ ಪಡೆದ ದೂರಶಿಕ್ಷಣದ ಪದವಿ ತರಗತಿಯ ಪದವಿಗೆ ಸಮ ಎಂದು ಯುಜಿಸಿ 2022ರ ಸೆಪ್ಟೆಂಬರ್‌ನಲ್ಲಿ ಪ್ರಕಟಿಸಿತು. ಅದನ್ನು ತೋರಿಸಿ ಯಾವ ನರ್ಸಿಂಗ್ ಕೋರ್ಸೂ ನಡೆಯುತ್ತದೆ ಎನ್ನುವ ಏಜೆಂಟರಿದ್ದರೆ ನಂಬಬಾರದು. ಪದವಿಯ ಸಮಾನತೆ ಯುಜಿಸಿಯ ಮಾತು, ವೃತ್ತಿಯ ನೋಂದಣಿ ಕೌನ್ಸಿಲ್‌ನ ಮಾತು. ಒಂದು ಇನ್ನೊಂದಕ್ಕೆ ಆಗಿಬರುವುದಿಲ್ಲ.

ಎರಡನೆಯ ಆಕ್ಷೇಪ ಅನುಭವದಿಂದ ಬಂದದ್ದು. ದೂರಶಿಕ್ಷಣದ ಹೆಸರಿನಲ್ಲಿ ಮೋಸ ಹೋದವರು ನಮ್ಮ ಸೀಮೆಯಲ್ಲೇ ಇದ್ದಾರೆ, ಮತ್ತೆ ಅದೇ ಬಾಗಿಲು ತೆರೆಯಬೇಕೆ ಎಂದು ಕೇಳುವವರನ್ನು ತಳ್ಳಿಹಾಕುವಂತಿಲ್ಲ. ಮೈಸೂರಿನ ಮುಕ್ತಗಂಗೋತ್ರಿಯಲ್ಲಿರುವ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯ 1996ರಲ್ಲಿ ಆರಂಭವಾದಾಗ ಚಾಮರಾಜನಗರ, ಗುಂಡ್ಲುಪೇಟೆಯ ಕಡೆಯ ಎಷ್ಟೋ ಮನೆಗಳಿಗೆ ಅದು ಪದವಿಯ ಹತ್ತಿರದ ದಾರಿಯಾಯಿತು. ರಾಜ್ಯದ ಗಡಿ ದಾಟಿ ಖಾಸಗಿ ಸಂಸ್ಥೆಗಳೊಡನೆ ಒಪ್ಪಂದ ಮಾಡಿಕೊಂಡು ತಾಂತ್ರಿಕ, ವೃತ್ತಿಪರ ಕೋರ್ಸುಗಳನ್ನು ನಡೆಸಿದ್ದು ಮುಳುವಾಯಿತು. 2012-13ರ ನಂತರದ ಕೋರ್ಸುಗಳಿಗೆ ಮಾನ್ಯತೆ ಇಲ್ಲ ಎಂದು ಯುಜಿಸಿ 2015ರ ಜೂನ್‌ನಲ್ಲಿ ಪ್ರಕಟಿಸಿತು. ಮಾನ್ಯತೆ ಮತ್ತೆ ಸಿಕ್ಕಿದ್ದು 2018ರಲ್ಲಿ, ಅದೂ ಮುಂದಿನ ಪ್ರವೇಶಗಳಿಗೆ. ನಡುವಿನ ವರ್ಷಗಳಲ್ಲಿ ಶುಲ್ಕ ಕಟ್ಟಿ, ಪರೀಕ್ಷೆ ಬರೆದು ಕಾದವರ ಬದುಕು ಅತಂತ್ರವಾಯಿತು. ತಪ್ಪು ನಡೆದದ್ದು ಕಚೇರಿಗಳ ನಡುವೆ, ದಂಡ ಬಿದ್ದದ್ದು ಓದಿದವರ ಮೇಲೆ. ಇದರಿಂದ ಕಲಿಯಬೇಕಾದ ಪಾಠ ದೂರಶಿಕ್ಷಣ ಬೇಡ ಎಂಬುದೇ ಆಗಿದ್ದರೆ ಮುಕ್ತ ವಿಶ್ವವಿದ್ಯಾಲಯಕ್ಕೆ ಮತ್ತೆ ಮಾನ್ಯತೆ ಸಿಗುತ್ತಿರಲಿಲ್ಲ. ನಿಜವಾದ ಪಾಠ ಬೇರೆ: ಕೋರ್ಸು ಆರಂಭವಾಗುವ ಮೊದಲೇ ಮಾನ್ಯತೆ ಖಚಿತವಾಗಬೇಕು, ಓದು ನಡೆಯುತ್ತಿರುವಾಗ ನಿಯಮ ಬದಲಾದರೆ ಆಗಲೇ ಸೇರಿದವರನ್ನು ಅದರಿಂದ ಹೊರಗಿಟ್ಟು ಮುಂದಿನವರಿಗೆ ಮಾತ್ರ ಅನ್ವಯಿಸಬೇಕು. ಕ್ಯಾಲಿಫೋರ್ನಿಯಾ ಕೂಡ ಒಂದು ದಿನಾಂಕ ಗೊತ್ತುಮಾಡಿ ಅದಕ್ಕೆ ಮೊದಲು ಸೇರಿದವರನ್ನು ನಿಷೇಧದಿಂದ ಹೊರಗಿಟ್ಟಿತು. ನಕಲಿ ಪ್ರಮಾಣಪತ್ರದ ಭಯಕ್ಕೂ ಮದ್ದು ಇದೇ ಬಗೆಯದು. ಪೋಸ್ಟ್ ಬೇಸಿಕ್ ಓದುವ ಪ್ರತಿಯೊಬ್ಬರ ಮೂಲ ನೋಂದಣಿ ಸಂಖ್ಯೆ ಕೌನ್ಸಿಲ್‌ನಲ್ಲೇ ಇರುತ್ತದೆ. ಭಾರತೀಯ ನರ್ಸಿಂಗ್ ಕೌನ್ಸಿಲ್ ರೂಪಿಸಿದ ನರ್ಸುಗಳ ನೋಂದಣಿ ಮತ್ತು ಜಾಡು ವ್ಯವಸ್ಥೆಯಲ್ಲಿ ಒಬ್ಬೊಬ್ಬರಿಗೂ ದೇಶಕ್ಕೆಲ್ಲ ಒಂದೇ ಗುರುತಿನ ಸಂಖ್ಯೆ ಸಿಗುತ್ತದೆ. ಎಲ್ಲಿಯೂ ದಾಖಲಾಗದ ಹೊಸಬರಿಗಿಂತ ಇವರ ಪತ್ರಗಳನ್ನು ತಾಳೆ ನೋಡುವುದು ಸುಲಭ.

ರಾಜ್ಯ ಮತ್ತು ಕೇಂದ್ರದ ನಡುವಿನ ತೊಡಕು ಇದಕ್ಕಿಂತ ಜಟಿಲ. ಸಂವಿಧಾನದಲ್ಲಿ ವೈದ್ಯಕೀಯ ಮತ್ತಿತರ ವೃತ್ತಿಗಳು ಸಮವರ್ತಿ ಪಟ್ಟಿಯಲ್ಲಿವೆ, ಸಾರ್ವಜನಿಕ ಆರೋಗ್ಯ ರಾಜ್ಯ ಪಟ್ಟಿಯಲ್ಲಿದೆ. ಕರ್ನಾಟಕದ ನರ್ಸಿಂಗ್ ಕಾಲೇಜುಗಳಿಗೆ ಕೇಂದ್ರ ಕೌನ್ಸಿಲ್‌ನ ಮಾನ್ಯತೆ ಬೇಕೇ ಬೇಡವೇ ಎಂಬ ವಿವಾದದಲ್ಲಿ ರಾಜ್ಯದ ಹೈಕೋರ್ಟ್ 2017ರಲ್ಲಿ, ಸಂಸ್ಥೆಗಳಿಗೆ ಮಾನ್ಯತೆ ಕೊಡುವ ಅಧಿಕಾರ 1947ರ ಕಾಯ್ದೆಯಿಂದ ಕೇಂದ್ರ ಕೌನ್ಸಿಲ್ಲಿಗೆ ಬಂದಿಲ್ಲ ಎಂಬ ನಿಲುವು ತಾಳಿತು. ಅದರ ಬೆನ್ನಿಗೆ, ಕರ್ನಾಟಕದಲ್ಲಿ ಓದುತ್ತಿದ್ದ ಕೇರಳದ ವಿದ್ಯಾರ್ಥಿಗಳಲ್ಲಿ ತಮ್ಮ ಪದವಿ ಊರಿನಲ್ಲಿ ನಡೆಯುವುದೇ ಎಂಬ ಆತಂಕ ಹಬ್ಬಿತು. ಅವರು ಓದುತ್ತಿದ್ದದ್ದು ದಿನವೂ ಹಾಜರಿ ಹಾಕುವ ಕಾಲೇಜುಗಳಲ್ಲಿ! ಮಾನ್ಯತೆಯ ಸಂಕಟ ದೂರಶಿಕ್ಷಣಕ್ಕೆ ಮಾತ್ರ ಅಂಟಿದ ರೋಗವಲ್ಲ, ಎರಡು ಅಧಿಕಾರಗಳ ನಡುವೆ ಗೆರೆ ಮಸುಕಾದಲ್ಲೆಲ್ಲ ಅದು ಕಾಣಿಸಿಕೊಳ್ಳುತ್ತದೆ ಎಂಬುದಕ್ಕೆ ಇದಕ್ಕಿಂತ ಹತ್ತಿರದ ನಿದರ್ಶನ ಬೇಡ. ಗುಂಡ್ಲುಪೇಟೆಯ ನರ್ಸ್ ಒಬ್ಬಳು ಮದುವೆಯಾಗಿ ಬತ್ತೇರಿಗೋ ಗೂಡಲೂರಿಗೋ ಹೋದರೆ, ಅಥವಾ ವಯನಾಡಿನವಳು ಇಲ್ಲಿಯ ನರ್ಸಿಂಗ್ ಹೋಮಿಗೆ ಬಂದರೆ, ಮೂಲ ಕೌನ್ಸಿಲ್‌ನಿಂದ ಆಕ್ಷೇಪಣೆ ಇಲ್ಲವೆಂಬ ಪತ್ರ ತಂದು ಹೊಸ ರಾಜ್ಯದಲ್ಲಿ ಮರುನೋಂದಣಿ ಮಾಡಿಸಬೇಕು. ಕೆಲಸ ಅದೇ, ಜ್ವರದ ಚಾರ್ಟೂ ಅದೇ, ನಡುವೆ ಒಂದು ಚೆಕ್‌ಪೋಸ್ಟ್. ಅವಳ ಮೂಲ ಡಿಪ್ಲೊಮಾ ಒಪ್ಪಿಗೆಯಾದರೂ ಹೆಚ್ಚುವರಿ ಪದವಿಯ ಸಾಲು ಎರಡೂ ಕಡೆ ಒಂದೇ ರೀತಿ ದಾಖಲಾಗದಿದ್ದರೆ ಮೂರು ವರ್ಷದ ಓದು ಗಡಿಯಲ್ಲಿ ಉಳಿದುಬಿಡುತ್ತದೆ. 1947ರ ಕಾಯ್ದೆಯ ಬದಲಿಗೆ ಸಂಸತ್ತು 2023ರಲ್ಲಿ ರಾಷ್ಟ್ರೀಯ ನರ್ಸಿಂಗ್ ಮತ್ತು ಮಿಡ್‌ವೈಫರಿ ಆಯೋಗ ಕಾಯ್ದೆಯನ್ನು ಅಂಗೀಕರಿಸಿತು. ರಾಷ್ಟ್ರಪತಿಗಳ ಅಂಕಿತ ಬಿದ್ದದ್ದು ಅದೇ ವರ್ಷ ಆಗಸ್ಟಿನಲ್ಲಿ. ರಾಷ್ಟ್ರೀಯ ಆಯೋಗ, ರಾಜ್ಯ ಆಯೋಗಗಳು, ರಾಷ್ಟ್ರಮಟ್ಟದ ವಹಿ ಮತ್ತು ರಾಜ್ಯ ವಹಿಗಳ ಏರ್ಪಾಟು ಅದರಲ್ಲಿದೆ. ಹೆಚ್ಚುವರಿ ವಿದ್ಯಾರ್ಹತೆಯನ್ನು ಒಂದು ಕಡೆ ಬರೆದರೆ ಎಲ್ಲ ಕಡೆಯೂ ಕಾಣುವಂತೆ ಮಾಡಲು ಇದಕ್ಕಿಂತ ಒಳ್ಳೆಯ ಸಂದರ್ಭ ಬರಲಾರದು.

ನೈಟ್ ಡ್ಯೂಟಿ ಮುಗಿಸಿ ಮನೆಗೆ ಬಂದು, ಅಡುಗೆ ಮಾಡಿ, ಮಕ್ಕಳನ್ನು ಶಾಲೆಗೆ ಕಳಿಸಿ, ಆಮೇಲೆ ಪುಸ್ತಕ ಹಿಡಿದವರ ಓದು ಎಷ್ಟು ಗಟ್ಟಿ ಎಂದು ಕೇಳುವವರಿದ್ದಾರೆ. ಓದು ಕಷ್ಟ ಎಂಬುದು ನಿಜ. ಕಷ್ಟಪಟ್ಟು ಓದಿದ್ದು ಕಳಪೆ ಎಂಬುದಕ್ಕೆ ಆಧಾರವಿಲ್ಲ. ಈ ವಾದಕ್ಕೆ ಸರ್ಕಾರವೇ ಉತ್ತರ ಕೊಟ್ಟಿದೆ. 2017ರಲ್ಲಿ ಕೇಂದ್ರ ಆರೋಗ್ಯ ಸಚಿವಾಲಯ ಮತ್ತು ಇಗ್ನೋ ಸೇರಿ ನರ್ಸುಗಳಿಗಾಗಿ 6 ತಿಂಗಳ ಸಮುದಾಯ ಆರೋಗ್ಯ ಸರ್ಟಿಫಿಕೇಟ್ ಕೋರ್ಸನ್ನು ತಂದವು. ಪಾಠ ಇಗ್ನೋದ ಮಾದರಿಯಲ್ಲಿ, ಅಭ್ಯಾಸ ಜಿಲ್ಲಾ ಆಸ್ಪತ್ರೆ ಮತ್ತು ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ. 2018ರಲ್ಲಿ ಆಯುಷ್ಮಾನ್ ಭಾರತ ಯೋಜನೆಯಡಿ ಉಪಕೇಂದ್ರಗಳನ್ನು ಆರೋಗ್ಯ ಮತ್ತು ಕ್ಷೇಮ ಕೇಂದ್ರಗಳಾಗಿ ಮಾಡಿದಾಗ, ಈ ಬಗೆಯ ಸೇತು ಕೋರ್ಸು ಮುಗಿಸಿದವರನ್ನೇ ಸಮುದಾಯ ಆರೋಗ್ಯ ಅಧಿಕಾರಿಗಳಾಗಿ ನೇಮಿಸಿದರು. ಇಂದು ಹಳ್ಳಿಗಳಲ್ಲಿ ಬಿಪಿ, ಶುಗರ್ ನೋಡಿ ಔಷಧಿ ಕೊಡುವ ಸಿಎಚ್ಒಗಳಲ್ಲಿ ಹಲವರು ಇವರೇ. ವೈದ್ಯರಿಲ್ಲದ ಉಪಕೇಂದ್ರದ ಹೊಣೆಯನ್ನು ಒಪ್ಪಿಸುವಾಗ ದೂರಶಿಕ್ಷಣದ ಮಾದರಿ ಸಾಕೆನಿಸಿದ್ದು, ಬಡ್ತಿಯ ಕಡತ ಬಂದಾಗ ಸಾಲದೆನಿಸುವುದು ನ್ಯಾಯವಲ್ಲ. ಇನ್ನು, ಪದವಿ ಸಿಕ್ಕೊಡನೆ ಕೊಲ್ಲಿ ದೇಶಕ್ಕೋ ಬೆಂಗಳೂರಿಗೋ ಹಾರುತ್ತಾರೆ, ಜಿಲ್ಲೆಗೇನು ಲಾಭ ಎಂಬ ಮಾತು. ಹಾರುವವರು ಇದ್ದೇ ಇರುತ್ತಾರೆ, ಅದು ಅವರ ಹಕ್ಕು. ಆದರೆ ದಿನವೂ ಹಾಜರಾಗುವ ಕಾಲೇಜಿಗೆ ಹೋದವರು ಓದಿನ ಮೊದಲ ದಿನವೇ ಊರು ಬಿಟ್ಟಿರುತ್ತಾರೆ. ನೌಕರಿಯಲ್ಲಿದ್ದುಕೊಂಡೇ ಓದುವವರು ಕನಿಷ್ಠ ಮೂರು ವರ್ಷ ಇಲ್ಲಿಯ ರೋಗಿಗಳ ಬಳಿಯೇ ಇರುತ್ತಾರೆ, ಕಲಿತದ್ದನ್ನು ಅವರಿಗೇ ಮೊದಲು ಬಳಸುತ್ತಾರೆ. ಬಿಳಿಗಿರಿರಂಗನ ಬೆಟ್ಟದಲ್ಲಿ 1981ರಲ್ಲಿ ಡಾ. ಎಚ್. ಸುದರ್ಶನ್ ಕಟ್ಟಿದ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರವಾಗಲಿ, ಕರುಣಾ ಟ್ರಸ್ಟ್ 1996ರಲ್ಲಿ ವಹಿಸಿಕೊಂಡ ಯಳಂದೂರು ತಾಲ್ಲೂಕಿನ ಗುಂಬಳ್ಳಿ ಪ್ರಾಥಮಿಕ ಆರೋಗ್ಯ ಕೇಂದ್ರವಾಗಲಿ ತೋರಿಸಿಕೊಟ್ಟದ್ದು, ಊರಲ್ಲೇ ನಿಂತು ಜನರ ಮಾತು ಬಲ್ಲ ಆರೋಗ್ಯ ಕಾರ್ಯಕರ್ತರು ಕಾಡಿನಂಚಿನ ಸೇವೆಗೆ ಎಷ್ಟು ಮುಖ್ಯ ಎಂಬುದನ್ನು. ಅಂಥವರ ಕಲಿಕೆ ಬೆಳೆಯಬೇಕಾದರೆ ಅವರಿರುವಲ್ಲಿಗೆ ಓದು ಬರಬೇಕು.

ಈ ಜಿಲ್ಲೆಗೆ ಅದು ಇನ್ನೂ ಬಂದಿಲ್ಲ ಎನ್ನಲು ನಕ್ಷೆ ನೋಡಿದರೆ ಸಾಕು. ಇಗ್ನೋದ ಪ್ರಾದೇಶಿಕ ಕೇಂದ್ರ ಬೆಂಗಳೂರಿನಲ್ಲಿದೆ, ನರ್ಸಿಂಗ್ ಕೌನ್ಸಿಲ್ಲೂ ಬೆಂಗಳೂರಿನಲ್ಲಿದೆ. ಗುಂಡ್ಲುಪೇಟೆಯಿಂದ ಅಲ್ಲಿಗೆ ಸುಮಾರು 200 ಕಿ.ಮೀ. ಸಂಪರ್ಕ ತರಗತಿ, ಲಾಗ್ ಬುಕ್ಕಿನ ಸಹಿ, ಮೂಲ ದಾಖಲೆಯ ಪರಿಶೀಲನೆ ಎಂದು ಒಂದೊಂದಕ್ಕೂ ರಜೆ ಹಾಕಿ ಬಸ್ಸು ಹತ್ತಬೇಕಾದರೆ ದೂರಶಿಕ್ಷಣ ಎಂಬ ಹೆಸರಿಗೆ ಅರ್ಥವಿಲ್ಲ. ಜಿಲ್ಲೆಯಲ್ಲಿ ಈಗ ಬೋಧನಾ ಆಸ್ಪತ್ರೆಯಿದೆ. ಹೆರಿಗೆ ವಾರ್ಡು, ಮಕ್ಕಳ ವಾರ್ಡು, ತೀವ್ರ ನಿಗಾ ಘಟಕ, ಕಲಿಸಬಲ್ಲ ಹಿರಿಯ ಸಿಬ್ಬಂದಿ ಒಂದೇ ಸೂರಿನಡಿ ಇರುವಾಗ ಪೋಸ್ಟ್ ಬೇಸಿಕ್‌ನ ಪ್ರಾಯೋಗಿಕ ತರಬೇತಿಗೆ ಸಿಮ್ಸ್ ಅಧ್ಯಯನ ಕೇಂದ್ರವಾಗಬೇಕು, ಸಮುದಾಯ ಅಭ್ಯಾಸಕ್ಕೆ ಗುಂಡ್ಲುಪೇಟೆ, ಕೊಳ್ಳೇಗಾಲ, ಹನೂರಿನ ಆಸ್ಪತ್ರೆಗಳು ಜೊತೆಗೂಡಬೇಕು. ಕೌನ್ಸಿಲ್ ಮಾಡಬೇಕಾದ ಕೆಲಸ ಅದಕ್ಕಿಂತ ಕಡಿಮೆ ಖರ್ಚಿನದು. ಯಾವ ವಿಶ್ವವಿದ್ಯಾಲಯದ ಯಾವ ಕೋರ್ಸನ್ನು, ಯಾವ ವರ್ಷದ ಪ್ರವೇಶದಿಂದ ಹೆಚ್ಚುವರಿ ವಿದ್ಯಾರ್ಹತೆಯಾಗಿ ದಾಖಲಿಸುತ್ತದೆ ಎಂಬ ಪಟ್ಟಿಯನ್ನು ಕನ್ನಡದಲ್ಲಿ ಪ್ರಕಟಿಸಿ ಪ್ರತಿ ತಾಲ್ಲೂಕು ಆಸ್ಪತ್ರೆಯ ನೋಟಿಸ್ ಬೋರ್ಡಿಗೆ ಕಳಿಸಬೇಕು. ಅರ್ಜಿಗೆ ಇಂತಿಷ್ಟು ದಿನದಲ್ಲಿ ಉತ್ತರ ಎಂಬ ಗಡುವು ಹಾಕಿಕೊಳ್ಳಬೇಕು. ತಿರಸ್ಕರಿಸಿದರೆ ಕಾರಣವನ್ನು ಬರೆದು ಕೊಡಬೇಕು. ಕೇರಳ, ತಮಿಳುನಾಡಿನ ಕೌನ್ಸಿಲ್ಲುಗಳೊಡನೆ ಮಾತಾಡಿ ಗಡಿ ತಾಲ್ಲೂಕುಗಳ ನರ್ಸುಗಳ ದಾಖಲೆಗಳು ಕಚೇರಿಯಿಂದ ಕಚೇರಿಗೆ ನೇರವಾಗಿ ಹೋಗುವಂತೆ ಮಾಡಬೇಕು.

ಅಲ್ಲಿಯವರೆಗೆ, ಈ ದಾರಿ ಹಿಡಿಯಲು ಯೋಚಿಸುತ್ತಿರುವ ನರ್ಸುಗಳಲ್ಲಿ ಒಂದು ವಿನಂತಿ. ಜಿಎನ್‌ಎಂ ಇಲ್ಲದೆಯೇ, ಆಸ್ಪತ್ರೆಯ ಅಭ್ಯಾಸವಿಲ್ಲದೆಯೇ ನರ್ಸಿಂಗ್ ಪದವಿ ಕೊಡಿಸುತ್ತೇವೆ ಎನ್ನುವ ಯಾರಿಗೂ ಒಂದು ರೂಪಾಯಿಯನ್ನೂ ಕೊಡಬೇಡಿ. ಆ ಪದವಿಯಿಂದ ಯಾವ ರಾಜ್ಯದಲ್ಲೂ ನೋಂದಣಿ ಆಗುವುದಿಲ್ಲ. ನೌಕರಿಯಲ್ಲಿದ್ದು ಪೋಸ್ಟ್ ಬೇಸಿಕ್ ಓದುವುದಾದರೆ, ಶುಲ್ಕ ಕಟ್ಟುವ ಮೊದಲು ನಿಮ್ಮ ನೋಂದಣಿ ನವೀಕರಣವಾಗಿದೆಯೇ ನೋಡಿಕೊಳ್ಳಿ, ಸೇವಾನುಭವದ ಪತ್ರದಲ್ಲಿ ಸೇರಿದ ದಿನಾಂಕ ಮತ್ತು ಹುದ್ದೆಯ ಹೆಸರು ಸರಿಯಾಗಿ ಬರೆಸಿಕೊಳ್ಳಿ, ಆ ವರ್ಷದ ಪ್ರವೇಶಕ್ಕೆ ಮಾನ್ಯತೆ ಇದೆಯೇ ಎಂದು ರಾಜ್ಯ ಕೌನ್ಸಿಲ್ಲಿಗೆ ಪತ್ರ ಬರೆದು ಕೇಳಿ. ಉತ್ತರ ಬಾಯಿಮಾತಿನಲ್ಲಿ ಬಂದರೆ ಒಪ್ಪಬೇಡಿ, ಬರಹದಲ್ಲಿ ಪಡೆದು ಜೋಪಾನವಾಗಿಡಿ.